ಕುಂಬಳಕಾಯಿಯ ನಂತರ, ಕೋಳಿಗಿಂತ ಮೊದಲು

ಸುಗ್ಗಿಯ ಆರಾಧನೆಯ ದಿನ ಭಕ್ತರು ತಂದ ಜೋಳ, ಕುಂಬಳಕಾಯಿ, ಕೋಳಿಗಳನ್ನು ಹರಾಜು ಹಾಕುವುದು ನಮ್ಮ ಚರ್ಚಿನ ಹಳೆಯ ರೂಢಿ. ತಿಕೋಟಾ, ಬಬಲೇಶ್ವರದ ಕಡೆ ಊರೂರು ತಿರುಗಿ ಜೀತದ ವಿರುದ್ಧ ಬೋಧಿಸಿ ಹೆಸರಾದ ನಮ್ಮ ಹಿಂದಿನ ಪಾದ್ರಿಗಳು ಒಂದು ವರ್ಷ, ಕುಂಬಳಕಾಯಿಯ ಹರಾಜು ಮುಗಿದೊಡನೆ ಜೀತದ ಹುಡುಗಿಯೊಬ್ಬಳನ್ನು ಸಭೆಯ ಮುಂದೆ ನಿಲ್ಲಿಸಿ, ಇವಳ ಬಿಡುಗಡೆಗೆ ಏನು ಕೊಡುತ್ತೀರಿ ಎಂದು ಕೇಳಿದರಂತೆ. ಹೆಂಗಸರು ಬಳೆ ಬಿಚ್ಚಿ ಕೊಟ್ಟರಂತೆ. ಪಾದ್ರಿಗಳು ತೀರಿಕೊಂಡ ಮೇಲೆ ಪ್ರತಿ ಸುಗ್ಗಿಗೂ ಅವರ ಜೀವನವನ್ನು ಓದುತ್ತಾರೆ. ಓದು ಮುಗಿದೊಡನೆ ಆ ಜೀತದವಳ ವೇಷ ಹಾಕಿದ ಹುಡುಗಿಯೊಬ್ಬಳ ಕೈಯ ಹಗ್ಗ ಬಿಚ್ಚುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ.

ಎಲ್ಲರೂ ಒಂದೇ ಮಾತುಗಳಲ್ಲಿ ಹೇಳುವ ಕಥೆಯನ್ನು ನಾನು ನಂಬುವವನಲ್ಲ. ಸ್ಟೇಷನ್ ರಸ್ತೆಯ ನನ್ನ ಸೈಕಲ್ ಅಂಗಡಿಯಲ್ಲಿ ಕೂತು ತಾನಾಗಿಯೇ ಓದು ಕಲಿತವನಿಗೆ ಬರುವ ಹಟವಿದು. ಈ ವರ್ಷ ಓದುವ ಕೆಲಸ ನನ್ನ ಪಾಲಿಗೆ ಬಂದಾಗ ಆ ಹುಡುಗಿಯನ್ನು ಹುಡುಕಿಕೊಂಡು ಬಬಲೇಶ್ವರಕ್ಕೆ ಹೋದೆ. ಈಗ ಮುದುಕಿ, ಅಂಗಳದಲ್ಲಿ ಕಡಲೆ ಬಿಡಿಸುತ್ತಿದ್ದಳು.

"ಬಿಡಿಸಿದ್ದು ಖರೆ ಐತ್ರಿ," ಎಂದಳು. "ಪಾದ್ರಿ ದೇವರಂಥಾವ. ಆದ್ರ ಆ ವಾರನ ನಮ್ಮಪ್ಪ ಹೊಟ್ಟಿಗೆ ಜ್ವಾಳ ಕೇಳಾಕ ಮತ್ತ ನನ್ನ ಜೀತಕ್ಕ ಇಟಗೊಂಡಿದ್ದ ಅದೇ ಸಾವಕಾರನ ಬಾಗಲಿಗೆ ಹ್ವಾದ. ಅಂವ ಜ್ವಾಳ ಕೊಟ್ಟ, ನನ್ನ ತಮ್ಮನ್ನ ಇಟಗೊಂಡ. ತಮ್ಮ ಅಲ್ಲೇ ಬಾವ್ಯಾಗ ಬಿದ್ದು ಸತ್ತ, ನನ್ನ ಜಾಗಾದಾಗ."

"ಪಾದ್ರಿಗಳಿಗೆ ಗೊತ್ತಿತ್ತೇನವ್ವಾ?"

"ಯಾರು ಹೇಳಬೇಕ್ರಿ? ಅವರು ಆಗಲೇ ಮುಂದಿನ ಊರಿಗೆ ಹೋಗಿದ್ರು. ವರ್ಷಾ ವರ್ಷಾ ನನ್ನ ಕಥಿ ಹೇಳ್ತೀರಿ. ಒಂದ್ಸಲ ನನ್ನ ತಮ್ಮಂದೂ ಹೇಳ್ರಿ. ಅಷ್ಟ ಸಾಕು."

ಹಿರಿಯರ ಮಂಡಳಿಯಲ್ಲಿ ಜಗಳವಾಯಿತು. "ಹಬ್ಬದಾಗ ಸಾವಿನ ಸುದ್ದಿ ಯಾಕೋ ಯಪ್ಪಾ? ಸೈಕಲ್ ಪಂಕ್ಚರ್ ತಿದ್ದಿದಂಗ ಪಾದ್ರಿಯವರ್ನೂ ತಿದ್ದಾಕ ಹೊಂಟೀಯಲ್ಲ," ಎಂದು ಒಬ್ಬರು ಹಂಗಿಸಿದರು. ಅವಳ ತಮ್ಮನ ಮಾತಿಲ್ಲದೆ ನಾನು ಓದುವುದಿಲ್ಲ ಎಂದೆ. ಕೊನೆಯಲ್ಲಿ ಒಂದು ವಾಕ್ಯ ಸೇರಿಸಲು ಒಪ್ಪಿದರು.

ಸುಗ್ಗಿಯ ಭಾನುವಾರ ಆ ಮುದುಕಿ ಬಸ್ಸು ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು. ಕುಂಬಳಕಾಯಿ ಹರಾಜಾಯಿತು. ನಾನು ಓದಿದೆ. ಕೊನೆಗೆ ನಿಧಾನವಾಗಿ, "ಅವಳ ಜಾಗಕ್ಕೆ ಅವಳ ತಮ್ಮನನ್ನು ತಂದರು, ಅವನು ಅಲ್ಲಿಯೇ ಸತ್ತ" ಎಂದೆ. ಓದು ನಿಂತಿತು. ಹಗ್ಗ ಬಿಚ್ಚಿದರು. ಸಭೆ ಎಂದಿನಂತೆ ಚಪ್ಪಾಳೆ ತಟ್ಟಿತು. ಕೆಲವರು ಎದ್ದು ನಿಂತು ತಟ್ಟಿದರು.

ನಾನು ಹಿಂದಕ್ಕೆ ಹೋದೆ. ಆಕೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು.

"ಹೇಳಿದ್ರಲ್ಲ?"

"ಹೇಳಿದ್ನೆವ್ವಾ."

"ಅದಕ್ಕ ಚಪ್ಪಾಳಿ ಹೊಡದ್ರೇನ್ರಿ?"

ಮುಂದುಗಡೆ ಕೋಳಿಯ ಕಾಲು ಹಿಡಿದು ಎತ್ತಿ ತೋರಿಸುತ್ತ ಹರಾಜಿನ ಸವಾಲು ಕೂಗತೊಡಗಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಆಕೆ ಎದ್ದಳು.