ರುಖಿಯಮ್ಮನ ಬಾವಿಗೆ ಮೀನು ತಂದ ಹುಕ್ರಪ್ಪ

ಪಾಣೆಮಂಗಳೂರಿನ ರುಖಿಯಮ್ಮನ ಹಿತ್ತಿಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಕ್ರಪ್ಪ ಬಾವಿಕಟ್ಟೆಯ ಮೇಲೆ ಕುಳಿತು ಚಿಮಣಿ ದೀಪ ಹಚ್ಚುತ್ತಾರೆ. ಅದನ್ನು ಬಾಲ್ದಿಯಲ್ಲಿಟ್ಟು ಮೆಲ್ಲಗೆ ಕೆಳಗೆ ಬಿಡುತ್ತಾರೆ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಎಂದರ್ಥ. ನಲವತ್ತು ಅಡಿ ಆಳದಲ್ಲೂ ಅದು ಮಿಣಮಿಣ ಉರಿಯುತ್ತಲೇ ಇದೆ.

"ಹುಕ್ರಣ್ಣ, ಇವತ್ತು ಮೀನು ಕಾಣದಿದ್ರೆ ನಾನು ಮತ್ತೆ ಕಾಯುವುದಿಲ್ಲ," ಎನ್ನುತ್ತಾರೆ ರುಖಿಯಮ್ಮನ ಮಗ ಹನೀಫಾ. "ನಾಡಿದ್ದು ಬೋರ್‌ವೆಲ್ ಲಾರಿ ಬರ್ತದೆ. ಈ ಬಾವಿಗೆ ಮಣ್ಣು ತುಂಬಿಸುವುದೇ."

"ತುಂಬಿಸಿ ಹನೀಫಾಕ. ನಾನು ಮೇಲೆ ಬಂದಿದ್ದೇನಾ ಅಂತ ಮಾತ್ರ ಒಮ್ಮೆ ನೋಡ್ಕೊಳ್ಳಿ ಮಾರಾಯ್ರೇ!"

ರುಖಿಯಮ್ಮ ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಹುಕ್ರಪ್ಪನ ಕೈ ತರಚದಿರಲೆಂದು ಹಗ್ಗ ಹಿಡಿಯುವ ಜಾಗಕ್ಕೆ ಹಳೆಯ ಮೆತ್ತನೆಯ ಬಟ್ಟೆ ಸುತ್ತಿಟ್ಟವರು ಅವರೇ. ಯಾರೂ ಹೇಳಿರಲಿಲ್ಲ.

ಗುರುವಾಯನಕೆರೆಯ ಹುಕ್ರಪ್ಪನಿಗೆ ಈಗ ಐವತ್ತೆಂಟು ವರ್ಷ. ಬಾವಿ ಶುಚಿ ಮಾಡುವ ಕೆಲಸಕ್ಕೆ ಇಳಿದು ಮೂವತ್ತೆರಡು ವರ್ಷ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಸುತ್ತ ಸುಮಾರು ಎಪ್ಪತ್ತು ಬಾವಿಗಳಿಗೆ ಇಳಿಯುತ್ತಾರೆ. ಮೇಲೆ ಹಗ್ಗ ಹಿಡಿಯುವವರು ಧನರಾಜ್, ಇಪ್ಪತ್ತು ವರ್ಷಗಳ ಜೊತೆಗಾರ. ಒಮ್ಮೆ ಮೂಡಬಿದ್ರೆಯ ಹತ್ತಿರ ಬಾವಿಯೊಳಗೆ ಹುಕ್ರಪ್ಪ ಉಸಿರುಗಟ್ಟಿ ಬಿದ್ದಾಗ ಮೇಲೆಳೆದು ಉಳಿಸಿದವರೂ ಅವರೇ. ಅಂದಿನಿಂದ ದೀಪ ಇಳಿಸದೆ ಹುಕ್ರಪ್ಪ ಇಳಿಯುವುದಿಲ್ಲ.

ಕಳೆದ ವರ್ಷ ಈ ಬಾವಿಯಲ್ಲಿ ಅವರೇ ಒಂದು ತಪ್ಪು ಮಾಡಿದ್ದರು. ಮನೆಯಲ್ಲಿ ಮದುವೆ ಇತ್ತು, ಬಾವಿ ಕನ್ನಡಿಯ ಹಾಗೆ ಆಗಬೇಕು ಎಂದಿದ್ದರು ಹನೀಫಾ. ಹುಕ್ರಪ್ಪ ಕೆಂಪುಕಲ್ಲಿನ ಗೋಡೆಯನ್ನು ತಂತಿಯ ಬ್ರಷ್ಷಿನಲ್ಲಿ ಉಜ್ಜಿದರು. ಜರಿಗಿಡ ಕಿತ್ತರು, ಬಸವನಹುಳು ಹೆರೆದರು, ತಳದ ಕೆಸರನ್ನೆಲ್ಲ ಎತ್ತಿಸಿದರು, ಮೀನುಗಳನ್ನು ನೇತ್ರಾವತಿ ನದಿಗೆ ಬಿಟ್ಟರು. ಕೊನೆಗೆ ಬ್ಲೀಚಿಂಗ್ ಪೌಡರನ್ನು ಮಾಮೂಲಿಗಿಂತ ಎರಡು ಪಾಲು ಸುರಿದರು. ಬಂದ ನೆಂಟರೆಲ್ಲ ಬಾವಿ ನೋಡಿ ಹೊಗಳಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ನೀರು ಹಸುರಾಯಿತು. ಕೊಡಪಾನ ಎತ್ತಿದರೆ ಸೊಳ್ಳೆಯ ಹುಳಗಳು ಕುಣಿಯುತ್ತಿದ್ದವು. ಮತ್ತೆ ಪೌಡರ್, ಮತ್ತೆ ಹಸುರು. ಎಂಟು ಮಂದಿಯ ಮನೆ ಟ್ಯಾಂಕರ್ ನೀರಿಗೆ ಕಾಯತೊಡಗಿತು.

"ಈ ಬಾವಿಯನ್ನು ನಾನೇ ಕೊಂದದ್ದು," ಎನ್ನುತ್ತಾರೆ ಹುಕ್ರಪ್ಪ ನೇರವಾಗಿ. "ಸೊಳ್ಳೆಹುಳ ತಿನ್ನುವುದು ಮೀನು. ಗೋಡೆಯ ಪಾಚಿ ತಿನ್ನುವುದು ಬಸವನಹುಳು. ಬಿದ್ದ ಎಲೆಯನ್ನು ಕರಗಿಸುವ ಸಣ್ಣ ಸಣ್ಣ ಜೀವ ಎಲ್ಲ ಕೆಸರಿನಲ್ಲಿ ಇರುವುದು. ಆ ಗೋಡೆಯ ಜರಿಗಿಡ ಉಂಟಲ್ಲ, ಅದರ ಅಡಿಯಲ್ಲಿ ಕಪ್ಪೆ. ಒಂದನ್ನು ತೆಗೆದ್ರೆ ಇನ್ನೊಂದಕ್ಕೆ ಊಟ ಇಲ್ಲ. ನಾನು ಮನೆ ಗುಡಿಸ್ಲಿಕ್ಕೆ ಹೋಗಿ ಮನೆಯವರನ್ನೇ ಹೊರಗೆ ಹಾಕಿದೆ!"

ಜನವರಿಯಲ್ಲಿ ಯಾರೂ ಕರೆಯದಿದ್ದರೂ ಅವರು ಬಂದರು. ಪೊಳಲಿಯ ಹತ್ತಿರದ ಹಳೆಯ ಬಾವಿಯೊಂದರಿಂದ ಎರಡು ಬಾಲ್ದಿ ಕೆಸರು, ಒಂದು ಹಿಡಿ ಬಸವನಹುಳು, ಬೆರಳುದ್ದದ ಹನ್ನೆರಡು ಮೀನು ತಂದಿದ್ದರು. ಶುಚಿ ಮಾಡುವವನೇ ಕೆಸರು ತಂದು ಸುರಿಯುವುದನ್ನು ಕಂಡು ಹನೀಫಾ ಸಿಟ್ಟಾದರು. ರುಖಿಯಮ್ಮ ಮಾತ್ರ, "ತಪ್ಪಾಯ್ತು ಅಂತ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದಾ?" ಎಂದು ಚಹಾಕ್ಕೆ ನೀರಿಟ್ಟರು. ಬಾವಿ ಸರಿಯಾಗಲು ಬೇಸಗೆಯವರೆಗೆ ಸಮಯವೂ ಸಿಕ್ಕಿತು.

ಆ ಸಮಯ ಇವತ್ತಿಗೆ ಮುಗಿಯುತ್ತದೆ. ಹುಕ್ರಪ್ಪ ಇಳಿಯುತ್ತಾರೆ. ಗೋಡೆಯ ಸಂದಿಯಲ್ಲಿ ಜರಿಗಿಡದ ಎಳೆ ಸುರುಳಿ ಬಿಚ್ಚಿದೆ, ಅದಕ್ಕೆ ಕಾಲು ತಾಗದಂತೆ ಒರಗಿ ದಾಟುತ್ತಾರೆ. ಮೇಲೆ ಮೂವರೂ ಬಗ್ಗಿ ನೋಡುತ್ತಾರೆ.

"ಎಂಥ ಆಯ್ತು? ಉಂಟಾ ಇಲ್ವಾ?" ಧನರಾಜ್‌ಗೆ ತಡೆಯಲಾಗುವುದಿಲ್ಲ.

"ಸುಮ್ಮನಿರಿ! ಹೆದರ್ತವೆ!" ಆಮೇಲೆ ಬಾವಿಯೇ ಗುಡುಗಿದಂತೆ ಒಂದು ಕೂಗು: "ಮರಿ ಉಂಟು! ರುಖಿಯಮ್ಮಾ, ಮರಿ ಹಾಕಿವೆ! ಲೆಕ್ಕ ಸಿಗುವುದಿಲ್ಲ ಮಾರಾಯ್ರೇ!"

ಬಾಲ್ದಿ ಮೇಲೆ ಬರುತ್ತದೆ. ತಳ ಕಾಣುವಷ್ಟು ತಿಳಿಯಾದ ನೀರಿನಲ್ಲಿ ಕೂದಲೆಳೆಯಂಥ ಮೀನುಮರಿಗಳು ಚಿಮ್ಮುತ್ತಿವೆ. ಸೊಳ್ಳೆಹುಳ ಒಂದೂ ಇಲ್ಲ. ಹನೀಫಾ ಬೆರಳು ಅದ್ದಿ ನೋಡುತ್ತಾರೆ, ನೀರನ್ನು ಮೂಸುತ್ತಾರೆ. ಜಗಲಿಗೆ ಹೋಗಿ ಬೋರ್‌ವೆಲ್‌ನವರಿಗೆ ಫೋನ್ ಮಾಡುತ್ತಾರೆ. "ಲಾರಿ ಬೇಡ. ಹೌದು, ನಮ್ಮ ಬಾವಿಯೇ ಸರಿಯಾಯ್ತು."

"ಕುದಿಸಿಯೇ ಕುಡಿಯಿರಿ ಮತ್ತೆ," ಮೇಲೆ ಬಂದ ಹುಕ್ರಪ್ಪ ಎಚ್ಚರಿಸುತ್ತಾರೆ. ಅಕ್ಕಿರೊಟ್ಟಿ ಮುರಿಯುತ್ತ ಇನ್ನೊಂದು ವಿಷಯವನ್ನೂ ಹೇಳುತ್ತಾರೆ. ಕಳೆದ ವರ್ಷ ಹೀಗೆಯೇ ಉಜ್ಜಿದ ಬಾವಿಗಳು ಇನ್ನೂ ಏಳು ಇವೆ. ಬೆಳ್ತಂಗಡಿಯ ಒಂದು ಮನೆಗೆ ಇವತ್ತೇ ಹೋಗಬೇಕು, ಆದರೆ ಪೊಳಲಿಯ ಬಾವಿಯವರ ಹತ್ತಿರ ಎಷ್ಟು ಸಲ ಮೀನು ಕೇಳುವುದು?

ರುಖಿಯಮ್ಮ ಎದ್ದು ಒಳಗಿನಿಂದ ಮುಚ್ಚಳವಿರುವ ಕ್ಯಾನ್ ತರುತ್ತಾರೆ. "ಕೇಳುವುದು ಯಾಕೆ? ನಮ್ಮದ್ದು ಕೊಂಡುಹೋಗಿ. ಬಸ್ಸಲ್ಲಿ ಕೂತ್ಕೊಂಡೇ ಹೋಗಿ, ಅವಕ್ಕೆ ತಲೆ ತಿರುಗ್ಬಾರ್ದು."

ಹನೀಫಾ ತಾವೇ ಬಾಲ್ದಿ ಬಗ್ಗಿಸಿ ಮರಿಗಳನ್ನು ಕ್ಯಾನಿಗೆ ಇಳಿಸುತ್ತಾರೆ. ಒಂದೂ ನೆಲಕ್ಕೆ ಬೀಳದಂತೆ. ಹುಕ್ರಪ್ಪ ಅದನ್ನು ಎದೆಗವಚಿ ಹಿಡಿಯುತ್ತಾರೆ.

"ಆಸೆ ಅಂತ ದೊಡ್ಡದೇನಿಲ್ಲ," ಎನ್ನುತ್ತಾರೆ. "ಮಳೆಗೆ ಮೊದಲು ಏಳೂ ಬಾವಿಗೆ ಇವು ಮುಟ್ಟಬೇಕು. ನಾನು ವರ್ಷಕ್ಕೊಂದು ದಿನ ಇಳಿಯುವವ. ದಿನಾ ಕೆಲಸ ಮಾಡುವವರು ಇದರೊಳಗೆ ಇದ್ದಾರೆ ನೋಡಿ."