ಬೆನ್ನು ತಿರುಗಿಸಿ ನೋಡಿದ ಪ್ರದರ್ಶನ

ಕಳೆದ ಶನಿವಾರ ಸಂಜೆ, ಕಬ್ಬನ್ ಪಾರ್ಕಿನ ಸಮೀಪದ ಒಂದು ಸಭಾಂಗಣದಲ್ಲಿ, ನಮ್ಮ ನಗರದ ಗಣ್ಯರ ದೊಡ್ಡದೊಂದು ಗುಂಪು ಮೆಕ್ಸಿಕೋ ದೇಶದ ಕಲಾಪ್ರದರ್ಶನಕ್ಕೆ ಬೆನ್ನು ತಿರುಗಿಸಿ ನಿಂತಿತ್ತು.

ಪ್ರತಿಭಟನೆಯಲ್ಲ. ಘೋಷಣೆಯಿರಲಿಲ್ಲ, ಫಲಕವಿರಲಿಲ್ಲ. ಎಲ್ಲರ ಕೈಯಲ್ಲೂ ದ್ರಾಕ್ಷಿರಸದ ಗ್ಲಾಸಿತ್ತು. ಎಲ್ಲರೂ ಎದುರುಗೋಡೆಯ ಸ್ವಿಚ್ ಬೋರ್ಡನ್ನು ತದೇಕಚಿತ್ತರಾಗಿ ನೋಡುತ್ತಿದ್ದರು.

ಅವರನ್ನು ಹಾಗೆ ನಿಲ್ಲಿಸಿದವನು ನಾನು. (ಉಪಾಯ ನನ್ನ ಹೆಂಡತಿಯದು. ಅದನ್ನು ಬರೆಯದೆ ಬಿಟ್ಟರೆ ಈ ವಾರ ನನಗೆ ಸಾರಿನಲ್ಲಿ ಉಪ್ಪಿರುವುದಿಲ್ಲ.)

ಕಥೆ ಮೂರು ವರ್ಷ ಹಿಂದಿನಿಂದ ಆರಂಭವಾಗಬೇಕು. ಈ ಅಂಕಣದ ಹಳೆಯ ಓದುಗರಿಗೆ ಈ ಪ್ರಸಂಗ ಗೊತ್ತು. ಗೊತ್ತಿದ್ದವರೂ ಇನ್ನೊಮ್ಮೆ ಕೇಳಬೇಕು. ಅವಮಾನ ಆದದ್ದು ನನಗೆ.

ಅಂದು ಅದೇ ಸಭಾಂಗಣದಲ್ಲಿ ಸ್ಪೇನ್ ದೇಶದ ಹಳೆಯ ಚಿತ್ರಗಳ ಮುದ್ರಿತ ಪ್ರತಿಗಳನ್ನು ತೂಗುಹಾಕಿದ್ದರು. ಪತ್ರಿಕೆಯ ‘ನಗರದಲ್ಲಿ ಇಂದು’ ಎಂಬ ಮೂಲೆಯಲ್ಲಿ ‘ಸರ್ವರಿಗೂ ಸ್ವಾಗತ’ ಎಂದಿತ್ತು. ಸರ್ವರಲ್ಲಿ ಕಾಡುಗೋಡಿಯವನೂ ಸೇರುತ್ತಾನೆಂದು ಭಾವಿಸಿ, ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋದೆ. ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಆಯುಷ್ಯ ಸವೆಸಿದವನು ನಾನು. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಭೂತಗನ್ನಡಿ ಸದಾ ಜೇಬಿನಲ್ಲಿರುತ್ತದೆ. ಅದನ್ನು ತೆಗೆದು ಒಬ್ಬ ರಾಜಕುಮಾರಿಯ ಚಿತ್ರವನ್ನು ಹತ್ತಿರದಿಂದ ಪರೀಕ್ಷಿಸಿದೆ. ತುಟಿಯ ಕೆಂಪು ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಬಂದಿತ್ತು. ಮುದ್ರಣದ ದೋಷ. ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಆ ರಾಜಕುಮಾರಿ ಸೀದಾ ರಿಜೆಕ್ಟ್ ಟ್ರೇಗೆ ಹೋಗುತ್ತಿದ್ದಳು.

ಆಗ ಬಂದರು, ಸಭಾಂಗಣದ ಕಾರ್ಯದರ್ಶಿಗಳು. ಬಿಳಿಯ ಕ್ರಾಪು, ಕುತ್ತಿಗೆಗೆ ರೇಷ್ಮೆಯ ವಸ್ತ್ರ. ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಹೇಳಿದೆ. ಅವರು ಸುತ್ತಲಿದ್ದವರಿಗೆಲ್ಲ ಕೇಳುವಂತೆ ನುಡಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ:

“ಚಿತ್ರಾನ ದೂರದಿಂದ ನೋಡ್ಬೇಕು ಸಾರ್. ಕಾಡುಗೋಡಿಯಿಂದ ಇಷ್ಟು ದೂರ ಬಂದಿದೀರ, ಇನ್ನೆರಡು ಹೆಜ್ಜೆ ದೂರ ನಿಂತ್ಕೊಳ್ಳೋಕೆ ಏನು ಕಷ್ಟ?”

ಸುತ್ತಲಿದ್ದವರು ನಕ್ಕರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆ ಎರಡು ಹೆಜ್ಜೆಗಳನ್ನು ಮೂರು ವರ್ಷದಿಂದ ಮರಳಿ ಇಡಲು ಕಾಯುತ್ತಿದ್ದೆ.

ಆದ್ದರಿಂದಲೇ ಮೆಕ್ಸಿಕೋ ಪ್ರದರ್ಶನದ ಸುದ್ದಿ ಓದಿದ ಕೂಡಲೇ ಕೋಟನ್ನು ಇಸ್ತ್ರಿಗೆ ಕೊಟ್ಟೆ. ಈ ಸಲ ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ, ಎಲ್ಲವನ್ನೂ ನೋಡಿ, ತಲೆಯೆತ್ತಿ ಹೊರಬರಬೇಕು. ಇಷ್ಟೇ ನನ್ನ ಸಂಕಲ್ಪ. ನನ್ನ ಹೆಂಡತಿ ನಂಜಮ್ಮನಿಗೆ ಅದರಲ್ಲಿ ನಂಬಿಕೆಯಿರಲಿಲ್ಲ.

“ನಾನೂ ಬತ್ತೀನಿ. ನೀವೊಬ್ರೇ ಅಲ್ಲಿಗೋದ್ರೆ ಯಾರತ್ರಾನಾದ್ರೂ ಜಗಳ ತಗೊಂಡು ಬತ್ತೀರಿ” ಎಂದು ಹಸಿರು ರೇಷ್ಮೆ ಸೀರೆ ಉಟ್ಟು ಹೊರಟೇಬಿಟ್ಟಳು.

ಪ್ರದರ್ಶನ ಚೆನ್ನಾಗಿತ್ತು. ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಇನ್ನೊಂದು ವಾರ ಇರುತ್ತದಂತೆ. ಓದುಗರು ಹೋಗಿ ನೋಡಬೇಕು. ಹುಲಿಯ ಮೋರೆಯ ಮರದ ಮುಖವಾಡಗಳಿವೆ. ಸುಟ್ಟ ಮಣ್ಣಿನಲ್ಲಿ ಮಾಡಿದ ಒಂದು ಗಿಡವಿದೆ. ಅದರ ಕೊಂಬೆಕೊಂಬೆಯಲ್ಲಿ ಹಕ್ಕಿ, ಹೂವು, ಪುಟ್ಟ ಮನುಷ್ಯರು. (ಕನ್ನಡಿಯಿಟ್ಟು ನೋಡಿದೆ. ಒಂದೇ ಒಂದು ಬಿರುಕಿಲ್ಲ. ಪಾಸ್.) ವಿವರಣೆಗಳು ಮಾತ್ರ ಇಂಗ್ಲಿಷಿನಲ್ಲಿ ಮತ್ತು ಸ್ಪ್ಯಾನಿಷ್‌ನಲ್ಲಿ. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಓದುವವರು ಕನ್ನಡ ಓದುವವರಿಗಿಂತ ಹೆಚ್ಚಿರುವ ಬಡಾವಣೆ ಯಾವುದೆಂದು ಬಲ್ಲವರು ತಿಳಿಸಬೇಕು.

ಮೆಣಸಿನಕಾಯಿ ಮೂಲತಃ ಆ ಕಡೆಯದು, ಅಲ್ಲಿಂದ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂತು ಎಂದು ಒಂದು ಫಲಕದಲ್ಲಿತ್ತು. ನಂಜಮ್ಮನಿಗೆ ಓದಿ ಹೇಳಿದೆ. ಅವಳು ಫಲಕವನ್ನೂ ನನ್ನನ್ನೂ ಒಂದೇ ಬಗೆಯ ಅನುಮಾನದಿಂದ ನೋಡಿದಳು.

“ಅಂಗಾರೆ ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಉಪ್ಪೆಸರಿನ ಖಾರಕ್ಕೆ ಏನಾಕ್ತಿದ್ಲಂತೆ?”

ಹೀಗೆ ಶಾಂತಿಯಿಂದಲೇ ಸಾಗಿ ಕೊನೆಯ ಕೋಣೆಗೆ ಬಂದೆವು. ಬಾಗಿಲಲ್ಲೇ ನಂಜಮ್ಮ ಚಪ್ಪಲಿ ಬಿಟ್ಟಳು. ನನ್ನ ಕಾಲೂ ತಾನಾಗಿಯೇ ಬೂಟಿನಿಂದ ಹೊರಬಂತು.

ಮೂರು ಮೆಟ್ಟಿಲಿನ ಮೇಜು. ಅದರ ಮೇಲೆ ಬಣ್ಣದ ವಸ್ತ್ರ. ಮೇಲಿನ ಮೆಟ್ಟಿಲಲ್ಲಿ ದಪ್ಪ ಮೀಸೆಯ ಹಿರಿಯರೊಬ್ಬರ ಫೋಟೋ, ಸುತ್ತ ಚೆಂಡುಹೂವು. ಕೆಳಗೆ ತಟ್ಟೆಯಲ್ಲಿ ಕಪ್ಪು ಬಣ್ಣದ ಗೊಜ್ಜು, ಅನ್ನ, ದುಂಡನೆಯ ಬ್ರೆಡ್ಡು, ಒಂದು ಲೋಟ ನೀರು. ಪಕ್ಕದಲ್ಲಿ ಅರ್ಧ ತುಂಬಿದ ಮದ್ಯದ ಸೀಸೆ, ಒಂದು ಸಿಗರೇಟು ಪ್ಯಾಕು. ಬಾಗಿಲಿನಿಂದ ಮೇಜಿನವರೆಗೆ ನೆಲದ ಮೇಲೆ ಹೂವಿನ ಎಸಳಿನ ದಾರಿ. ತೀರಿಕೊಂಡವರು ವರ್ಷಕ್ಕೊಮ್ಮೆ ಮನೆಗೆ ಬಂದು ಉಣ್ಣುತ್ತಾರೆಂದು ಆ ದೇಶದವರು ಹೀಗೆ ಬಡಿಸಿಡುತ್ತಾರಂತೆ.

ಎಡೆ!

ನಮ್ಮೂರಿನಲ್ಲಿ ಹಿರಿಯರ ಹಬ್ಬ ಕಳೆದು ತಿಂಗಳಷ್ಟೇ ಆಗಿತ್ತು. ಬಾಳೆಯೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ. ಅಪ್ಪನಿಗೆ ಬೀಡಿ. ಅಣ್ಣನಿಗೆ ನಶ್ಯ. (ನನ್ನ ಮದುವೆಯ ದಿನ ನಾನು ಮುಖ ತೊಳೆದು ಬರುವುದರೊಳಗೆ ನನ್ನನ್ನು ಬಿಟ್ಟೇ ಮನೆಮಂದಿಯ ಫೋಟೋ ತೆಗೆಸಿಕೊಂಡ ಅಣ್ಣ ಇವನೇ. ಮರೆತಿಲ್ಲ. ಆದರೂ ನಶ್ಯ ಇಡುತ್ತೇನೆ.) ದೀಪ ಹಚ್ಚಿ, ಧೂಪ ಹಾಕಿ, ಎಲ್ಲರೂ ಹೊರಬಂದು ಬಾಗಿಲೆಳೆದುಕೊಂಡು ಜಗಲಿಯ ಮೇಲೆ ಮಾತಿಲ್ಲದೆ ಕೂರುತ್ತೇವೆ. ಹಿರಿಯರು ಬಂದು ನೆಮ್ಮದಿಯಾಗಿ ಉಣ್ಣಬೇಕಲ್ಲ? ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುವುದು. ಉಣ್ಣುವವರ ಎದುರು ನಿಂತು ತಟ್ಟೆ ನೋಡುವುದು ಯಾವ ಮನೆಯ ಮರ್ಯಾದೆ?

ಇಲ್ಲಿಯೋ, ಫೋಟೋದ ಮೇಲೆ ಪ್ರಖರ ದೀಪ. ಕೋಣೆಯ ತುಂಬ ಜನ. ಒಬ್ಬರು ತಟ್ಟೆಯ ಮೇಲೆ ಬಗ್ಗಿ “ಇಂಟರೆಸ್ಟಿಂಗ್” ಎಂದರು. ಇನ್ನೊಬ್ಬರು ಮೀಸೆಯ ಹಿರಿಯರ ಮುಖಕ್ಕೇ ಕ್ಯಾಮೆರಾದ ಫ್ಲ್ಯಾಷ್ ಹೊಡೆದರು. ಅಷ್ಟು ದೂರದಿಂದ ಊಟಕ್ಕೆ ಕರೆದು, ಒಂದು ತುತ್ತು ಬಾಯಿಗಿಡಲು ಬಿಡದೆ ನಿಂತಿದ್ದಾರೆ. ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಆದರೆ ಸಭಾಂಗಣದಲ್ಲಿ ಅವಮಾನವಾಗುವುದೆಂದರೇನೆಂದು ಗೊತ್ತು.

ನಂಜಮ್ಮ ನನ್ನ ಮುಖ ನೋಡಿದಳು. “ಬ್ಯಾಡ. ಸುಮ್ಕೆ ಬನ್ನಿ” ಎಂದಳು.

ಸುಮ್ಮನೆ ಹೋಗಬಹುದಿತ್ತು. ತಲೆಯೆತ್ತಿ ಹೊರಬರುವ ಸಂಕಲ್ಪ ಅಲ್ಲಿಗೆ ಪೂರ್ತಿಯಾಗುತ್ತಿತ್ತು. ಆದರೆ ನಾನು ಕಾರ್ಖಾನೆಯಲ್ಲಿ ಯಂತ್ರಗಳ ಸದ್ದಿನ ಮೇಲೂ ಕೇಳಿಸುತ್ತಿದ್ದ ದನಿ ತೆಗೆದು, ಎಲ್ಲರೂ ದಯವಿಟ್ಟು ಹೊರಗೆ ಬರಬೇಕೆಂದು ಇಂಗ್ಲಿಷಿನಲ್ಲಿ ಹೇಳಿದೆ. ಪಾನೀಯ ಬಂದಿರಬೇಕೆಂದುಕೊಂಡು ಎಲ್ಲರೂ ಶಿಸ್ತಿನಿಂದ ಹೊರಟರು. (ಇಸ್ತ್ರಿ ಮಾಡಿದ ಕೋಟಿನ ಪ್ರಭಾವವೂ ಇರಬಹುದು.) ಹೊರಗೆ ದ್ರಾಕ್ಷಿರಸ ನಿಜವಾಗಿಯೂ ಬಂದಿತ್ತು, ಒಬ್ಬೊಬ್ಬರೂ ಗ್ಲಾಸು ಎತ್ತಿಕೊಂಡರು. ಕೊನೆಯವರು ದಾಟಿದ ಮೇಲೆ ಬಾಗಿಲೆಳೆದು, ಅದರ ಮುಂದೆ ನಿಂತೆ.

ಕಾರ್ಯದರ್ಶಿಗಳು ಧಾವಿಸಿ ಬಂದರು. ಕುತ್ತಿಗೆಯಲ್ಲಿ ಅದೇ ರೇಷ್ಮೆ. ನನ್ನನ್ನು ಗುರುತಿಸಲಿಲ್ಲ. (ಇದನ್ನೂ ಬರೆದಿಟ್ಟುಕೊಂಡಿದ್ದೇನೆ.)

“ಏನ್ ಸಾರ್ ಇದು? ಬಾಗ್ಲು ತೆಗೀರಿ. ಅದು ಎಕ್ಸಿಬಿಟ್, ಯಾರ ಮನೆ ಪೂಜೇನೂ ಅಲ್ಲ.”

“ಊಟ ಆಗ್ಲಿ, ತೆಗೀತೀನಿ” ಎಂದೆ.

“ಯಾರ ಊಟ?”

ಬಾಗಿಲಿನ ಕಡೆ ಕೈ ತೋರಿಸಿದೆ. ಅವರು ಕಾವಲುಗಾರನನ್ನು ಕರೆಯಲು ತಿರುಗಿದರು. ಇನ್ನು ಕೋಟಿನ ಕಾಲರ್ ಹಿಡಿಸಿಕೊಂಡು ಕಬ್ಬನ್ ಪಾರ್ಕಿನ ರಸ್ತೆಗೆ ಬೀಳುವುದೊಂದೇ ಬಾಕಿ ಎಂದುಕೊಂಡೆ. ಅಷ್ಟರಲ್ಲಿ, ಪ್ರದರ್ಶನದ ಜೊತೆ ಆ ದೇಶದಿಂದಲೇ ಬಂದಿದ್ದ ಎಲೆನಾ ಎಂಬ ಮಹಿಳೆ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ನಡುವಯಸ್ಸು, ಎರಡು ಜಡೆ. ಆಕೆಯ ಇಂಗ್ಲಿಷೂ ನನ್ನ ಇಂಗ್ಲಿಷಿನಷ್ಟೇ ಕುಂಟುತ್ತಿದ್ದುದರಿಂದ ನಮಗೆ ಪರಸ್ಪರ ಚೆನ್ನಾಗಿ ಅರ್ಥವಾಯಿತು.

ಬಾಗಿಲೇಕೆ ಹಾಕಿದಿರೆಂದು ಕೇಳಿದರು. ನಮ್ಮೂರಿನ ಪದ್ಧತಿ ವಿವರಿಸಿದೆ. ಆಕೆ ಬಾಗಿಲಿನತ್ತ ಬೆರಳು ಮಾಡಿದರು. ಆ ಫೋಟೋ ತಮ್ಮ ತಂದೆಯದೆಂದರು. ಹೋದ ವರ್ಷ ತೀರಿಕೊಂಡರಂತೆ. ಇದು ಅವರ ಮೊದಲ ಎಡೆಯಂತೆ. ಮಗಳು ಈ ಸಲ ಮನೆಯಲ್ಲಿಲ್ಲ, ಇಷ್ಟು ದೂರ ಹೇಗೆ ಹುಡುಕಿಕೊಂಡು ಬರುತ್ತಾರೋ ಎಂಬ ಚಿಂತೆಯಲ್ಲೇ ಬೆಳಗಿನಿಂದ ಎಸಳು ಉದುರಿಸಿದ್ದರಂತೆ.

ಕಾರ್ಯದರ್ಶಿಗಳು ಕಾವಲುಗಾರನನ್ನು ಕೈಸನ್ನೆಯಿಂದಲೇ ತಡೆದರು. ಅದುವರೆಗೆ ಅವರಿಗೂ ಅದು ಬರಿಯ ಫೋಟೋ ಆಗಿತ್ತು.

ಆದರೆ ಒಂದು ತೊಡಕಿತ್ತು. ತಮ್ಮಲ್ಲಿ ಬಾಗಿಲು ಮುಚ್ಚುವಂತಿಲ್ಲ ಎಂದರು ಎಲೆನಾ. ಮುಚ್ಚಿದರೆ ಬರುವವರಿಗೆ ದಾರಿ ತಿಳಿಯುವುದಿಲ್ಲ. ನಮ್ಮಲ್ಲಿ ತೆರೆದಿಡುವಂತಿಲ್ಲ, ತೆರೆದಿಟ್ಟರೆ ಉಣ್ಣಲು ಸಂಕೋಚಪಡುತ್ತಾರೆ ಎಂದೆ ನಾನು. ಆಕೆ ಬಾಗಿಲಿನ ಹಿಡಿಗೆ ಕೈ ಹಾಕಿದರು. ನಾನೂ ಬಿಡಲಿಲ್ಲ. ಎರಡು ಖಂಡಗಳ ಸಂಪ್ರದಾಯ ಒಂದು ಹಿತ್ತಾಳೆಯ ಹಿಡಿಯ ಮೇಲೆ ನಿಂತಿತು. ಅವರ ತಂದೆ, ಅವರ ಪದ್ಧತಿ. ನಾನು ಯಾರು ಎಂಬ ಪ್ರಶ್ನೆ ಯಾರಿಗಾದರೂ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ.

ನಂಜಮ್ಮ ಏನು ನಡೆಯುತ್ತಿದೆಯೆಂದು ಕೇಳಿದಳು. ಹೇಳಿದೆ.

“ಅಷ್ಟೇನಾ? ಬಾಗ್ಲು ತೆಗ್ದೇ ಇರ್ಲಿ, ಪಾಪ, ದಾರಿ ಕಾಣ್ಲಿ ಅವ್ರಿಗೆ. ನಾವೆಲ್ಲ ಆ ಕಡೀಕೆ ತಿರಿಕ್ಕೊಂಡು ನಿಂತ್ಕೊಂಡ್ರಾಯ್ತು. ಇಷ್ಟಕ್ಕೆ ಇಬ್ರೂ ಅದ್ಯಾಕೆ ಬಾಗ್ಲು ಕಿತ್ತಾಕ್ತೀರಿ?”

ಎಲೆನಾಗೆ ಅನುವಾದಿಸಿದೆ. ಆಕೆ ನಕ್ಕರು, ಕಣ್ಣೊರೆಸಿಕೊಂಡರು. ಬಾಗಿಲು ತೆರೆದು, ಪ್ರಖರ ದೀಪವನ್ನು ತಾವೇ ಆರಿಸಿ ಬಂದು, ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿ ನಿಂತರು. ಅವರ ಪಕ್ಕದಲ್ಲಿ ನಂಜಮ್ಮ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ತಿರುಗಿದರು. “ಇಂಟರೆಸ್ಟಿಂಗ್” ಎಂದವರು ತಿರುಗಿದರು, ಕ್ಯಾಮೆರಾದವರು ತಿರುಗಿದರು. ಕಾರ್ಯದರ್ಶಿಗಳು ಒಂದು ಗಳಿಗೆ ನನ್ನನ್ನೇ ನೋಡಿ, ಅವರೂ ತಿರುಗಿದರು.

ಸಭಾಂಗಣ ನಿಶ್ಶಬ್ದವಾಯಿತು. ಹೊರಗೆ ಆಟೋಗಳು ಓಡಾಡುತ್ತಿದ್ದವು. ನಾನು ಎಷ್ಟೋ ಪ್ರದರ್ಶನ ನೋಡಿದ್ದೇನೆ. ಎಲ್ಲರೂ ಇಷ್ಟು ಶ್ರದ್ಧೆಯಿಂದ ನಿಂತದ್ದು ಇದೊಂದರಲ್ಲೇ, ಅದೂ ನೋಡದೆ.

ಕೊನೆಗೆ ಎಲೆನಾ ನನ್ನ ಕಡೆ ನೋಡಿದರು. ನಾನು ಕೆಮ್ಮಿದೆ. ತೆರೆದ ಬಾಗಿಲನ್ನೇ ಮೆಲ್ಲಗೆ ತಟ್ಟಿದೆ. ಎಲ್ಲರೂ ಒಳಗೆ ಹೋದೆವು. ತಟ್ಟೆ ಹಾಗೆಯೇ ಇತ್ತು. ನಮ್ಮಲ್ಲೂ ಹಾಗೆಯೇ ಇರುತ್ತದೆ. ಆದರೆ ಈ ಸಲ ಯಾರೂ ಬಗ್ಗಿ ನೋಡಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ. ಎಲೆನಾ ಆ ದುಂಡು ಬ್ರೆಡ್ಡನ್ನು ಮುರಿದು ನಂಜಮ್ಮನ ಕೈಗಿಟ್ಟರು. ಎಡೆಯ ಪ್ರಸಾದ ಯಾವ ದೇಶದ್ದಾದರೇನು, ಅವಳು ಕಣ್ಣಿಗೊತ್ತಿಕೊಂಡು ತಿಂದಳು.

ಹೊರಡುವಾಗ ಬಾಗಿಲ ಬಳಿ ಕಾರ್ಯದರ್ಶಿಗಳು ನನ್ನ ಪಕ್ಕಕ್ಕೆ ಬಂದು ನಿಂತರು. ರೇಷ್ಮೆ ವಸ್ತ್ರವನ್ನು ಸುಮ್ಮನೆ ಸರಿಪಡಿಸಿಕೊಂಡರು.

“ನಮ್ಮ ಮನೇಲಿ ಈ ಪದ್ಧತಿ ಇಲ್ಲ, ಸಾರ್. ನಮ್ಮ ತಾಯಿಗೆ ಕಾಫಿ ಅಂದ್ರೆ ಪ್ರಾಣ. ಒಂದು ಲೋಟ... ಸುಮ್ನೆ ಇಡಬಹುದಾ?”

ನೋಡಿ, ಮೂರು ವರ್ಷ ಕಾದ ಗಳಿಗೆ ಇದು. ನಾಲಿಗೆಯ ತುದಿಯಲ್ಲೇ ಇತ್ತು. ಆಡದೆ ಬಿಡಲು ನಾನೇನು ಸನ್ಯಾಸಿಯೇ? ಆದರೆ ಆಡುವಾಗ ದನಿ ನಾನು ಅಂದುಕೊಂಡಂತೆ ಬರಲಿಲ್ಲ.

“ಧಾರಾಳವಾಗಿ ಇಡಿ. ಬಿಸಿಯಾಗಿರ್ಲಿ. ಇಟ್ಟಾದ್ಮೇಲೆ ಮಾತ್ರ ಎರಡು ಹೆಜ್ಜೆ ದೂರ ನಿಂತ್ಕೊಳ್ಳಿ, ಸಾರ್.”

ಅವರಿಗೆ ಆಗಲೂ ನನ್ನ ಗುರುತು ಸಿಗಲಿಲ್ಲ. ತಲೆಯಾಡಿಸಿ, ಕೈ ಮುಗಿದರು.

ಈಗ ನನ್ನ ತೊಂದರೆ ಬೇರೆ. ಮೂರು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ಒಂದು ಸಿಟ್ಟು, ತುಕ್ಕು ಹಿಡಿಯದಂತೆ ಆಗಾಗ ಎಣ್ಣೆ ಹಾಕಿಟ್ಟದ್ದು, ಒಂದು ಲೋಟ ಕಾಫಿಗೆ ಮುಗಿದುಹೋಯಿತು. ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಅದನ್ನೇ ಯೋಚಿಸುತ್ತಿದ್ದೆ. ಎದುರಿಗೆ ನಂಜಮ್ಮ ಸೀರೆಯ ಮೇಲಿನ ಬ್ರೆಡ್ಡಿನ ಪುಡಿ ಕೊಡವಿಕೊಳ್ಳುತ್ತಿದ್ದಳು. ಇದ್ದಕ್ಕಿದ್ದಂತೆ ನಗತೊಡಗಿದಳು. ಏನೆಂದು ಕೇಳಿದೆ.

“ಏನಿಲ್ಲ. ನಾಳೆ ದಿನ ನಿಮಗೆ ಎಡೆ ಇಕ್ಕಿದ್ರೆ ಬಾಗ್ಲು ಮುಚ್ಚಿದ್ರೂ ಸುಖ ಇಲ್ಲ, ತೆಗೆದ್ರೂ ಸುಖ ಇಲ್ಲ. ನೀವು ಉಣ್ಣಾಕೆ ಬರಾಕಿಲ್ಲ. ಆ ಕನ್ನಡಿ ಇಡ್ಕೊಂಡು, ಎಲೆ ಸರಿಯಾಗಿ ಆಕವ್ರಾ, ಉಪ್ಪು ಎಲ್ಲಿಟ್ಟವ್ರೆ ಅಂತ ನೋಡಾಕೆ ಬತ್ತೀರಿ.”

ನೋಡದೆ ಬಿಡುತ್ತೇನೆಯೇ?