ಅಜ್ಜನ ಎರಡು ಕಣ್ಣು, ಅಕ್ಕನ ಒಂಬತ್ತು ರೂಪ

ಬೆಳಗಿನ ಐದೂವರೆ. ವಾಶ್‌ಬೇಸಿನ್ ಕಾರ್ಖಾನೆಯ ಭಟ್ಟಿಯ ಮುಂದೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದಾರೆ, ತೊಡೆಯ ಮೇಲೆ ಲ್ಯಾಪ್‌ಟಾಪ್. ಪರದೆಯ ಅಂಕಿ ನೋಡುತ್ತಾರೆ, ಭಟ್ಟಿಯ ಬಾಗಿಲು ನೋಡುತ್ತಾರೆ, ಮತ್ತೆ ಅಂಕಿ. ಒಳಗೆ ಇನ್ನೂರ ನಲವತ್ತು ಬೇಸಿನ್‌ಗಳು ತಣಿಯುತ್ತಿವೆ. ಹದಿನಾಲ್ಕು ಗಂಟೆಯ ಈ ತಣಿಸುವಿಕೆಯನ್ನು ಒಂಬತ್ತಕ್ಕೆ ಇಳಿಸಬಹುದು ಎಂದವರು ಇವರೇ. ಹೋದ ಸಲ ಇವರ ಮಾತು ಕೇಳಿ ಹನ್ನೊಂದು ಬೇಸಿನ್ ಬಿರುಕು ಬಿಟ್ಟವು. ಈ ಸಲವೂ ಬಿಟ್ಟರೆ ಇವರು ಕೂರುವ ಲೆಕ್ಕದ ಕೋಣೆಗೆ ಬೀಗ ಎಂದು ಮಾಲೀಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ.

ಇಡೀ ಕಾರ್ಖಾನೆಗೆ ಇವರು ‘ಲೆಕ್ಕದಕ್ಕ’. ಬಂದು ಹದಿಮೂರು ವರ್ಷವಾದರೂ ಅರ್ಧ ಜನ ಇವರನ್ನು ಪ್ರಿಂಟರ್ ರಿಪೇರಿಯವರು ಎಂದೇ ತಿಳಿದಿದ್ದಾರೆ. ಅಸಲು ಕೆಲಸ ಬೇರೆ. ಭಟ್ಟಿಯೊಳಗೆ ಶಾಖ ಹೇಗೆ ಹರಿಯುತ್ತದೆ ಎಂದು ಇಪ್ಪತ್ತು ಲಕ್ಷ ಬಿಂದುಗಳಲ್ಲಿ ಲೆಕ್ಕ ಹಾಕಲು ದೊಡ್ಡ ಕಂಪ್ಯೂಟರಿಗೆ ಮೂರು ದಿನ ಬೇಕು. ಅಷ್ಟರಲ್ಲಿ ಬೇಸಿನ್ ಲಾರಿ ಹತ್ತಿ ಯಾರದೋ ಬಚ್ಚಲು ಸೇರಿರುತ್ತದೆ. ಅಕ್ಕ ಆ ದೊಡ್ಡ ಲೆಕ್ಕದ ನೂರಾರು ಫಲಿತಾಂಶಗಳನ್ನು ಜಾಲಾಡಿ, ಶಾಖ ಮತ್ತೆ ಮತ್ತೆ ತಾಳುವ ಏಳೇ ಏಳು ರೂಪಗಳನ್ನು ಹೆಕ್ಕಿದರು. ಅವನ್ನು ಹದವಾಗಿ ಬೆರೆಸಿದರೆ ಉತ್ತರ ಎರಡು ಸೆಕೆಂಡಿನಲ್ಲಿ ಸಿಗುತ್ತದೆ, ಅದೂ ಎರಡು ಕೀಲಿ ಕಿತ್ತುಹೋದ ಹಳೇ ಲ್ಯಾಪ್‌ಟಾಪಿನಲ್ಲಿ.

“ಜನಜಂಗುಳೀಲಿ ಅಪ್ಪನ್ನ ಹುಡುಕೋಕೆ ಎಲ್ಲರ ಮುಖ ನೋಡ್ತೀವಾ? ದೂರದಿಂದ ನಡಿಗೆ ನೋಡಿದ್ರೆ ಸಾಕು. ಇದೂ ಅಷ್ಟೇ,” ಎಂದು ನನ್ನತ್ತ ನೋಡಿ ನಗುತ್ತಾರೆ.

ಮತ್ತೆ ಆ ಹನ್ನೊಂದು ಬಿರುಕು? ಅದರ ಗುಟ್ಟು ಇದ್ದದ್ದು ಭಟ್ಟಿಯಜ್ಜನ ಬಳಿ. ಮೂವತ್ತು ವರ್ಷದಿಂದ ಭಟ್ಟಿ ಕಾಯುವ ಅಜ್ಜ, ತಣಿಯುವಾಗ ಮೂರು ಸಲ ಬಾಗಿಲನ್ನು ಎರಡು ಬೆರಳಷ್ಟು ಸರಿಸಿ ಇಣುಕುತ್ತಾರೆ. ಗಾಳಿ ನುಗ್ಗಿ ಮುಂದಿನ ಸಾಲು ನಲವತ್ತು ಡಿಗ್ರಿ ಕುಸಿಯುತ್ತದೆ. ಹದಿನಾಲ್ಕು ಗಂಟೆಯ ನಿಧಾನದಲ್ಲಿ ಅದನ್ನು ತಾಳಿಕೊಳ್ಳುತ್ತಿದ್ದ ಬೇಸಿನ್, ಒಂಬತ್ತರ ಅವಸರದಲ್ಲಿ ತಾಳಲಿಲ್ಲ. ಲ್ಯಾಪ್‌ಟಾಪ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು.

“ನಾನು ಮುಚ್ಚಿದ ಬಾಗಿಲಿನ ಲೆಕ್ಕಾನೇ ಅದಕ್ಕೆ ಕಲಿಸಿದ್ದೆ. ನೋಡದೇ ಇರೋದು ಅದಕ್ಕೆ ಹೇಗೆ ಗೊತ್ತಾಗ್ಬೇಕು, ಪಾಪ!” ಎನ್ನುತ್ತಾರೆ ಅಕ್ಕ.

“ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ,” ಎಂದು ಅಜ್ಜ ತಲೆ ಕೆರೆದುಕೊಳ್ಳುತ್ತಾರೆ.

ಇಣುಕಬೇಡಿ ಎಂದುಬಿಟ್ಟರೆ ಕೆಲಸ ಸುಲಭವಾಗುತ್ತಿತ್ತು. “ಹೇಳಿದ್ರೆ ಬಿಡ್ತಾರಾ? ನಾನು ನೋಡ್ದೇ ಇದ್ದಾಗ ಇಣುಕ್ತಾರೆ!” ಹಾಗಾಗಿ ಅಕ್ಕ ಆರು ವಾರ ಕುಳಿತು, ತೆರೆದ ಬಾಗಿಲಿನ ದೊಡ್ಡ ಲೆಕ್ಕಗಳನ್ನೂ ಮಾಡಿಸಿದರು. ಏಳಿದ್ದ ರೂಪ ಒಂಬತ್ತಾದವು. ಅಜ್ಜ ಇಣುಕಿದರೂ ಬಿರುಕು ಬಿಡದಂತೆ, ಒಂಬತ್ತು ಗಂಟೆಯಲ್ಲಿ ಯಾವಾಗ ನಿಧಾನ, ಯಾವಾಗ ವೇಗ ಎಂದು ಹೊಸ ಲೆಕ್ಕದಂತೆ ಹೊಂದಿಸಿದರು. ಹೊಸ ಎರಡಕ್ಕೆ ಈಗ ಕಾರ್ಖಾನೆಯಲ್ಲಿ ‘ಅಜ್ಜನ ಬಲಗಣ್ಣು, ಎಡಗಣ್ಣು’ ಎಂದೇ ಹೆಸರು.

ಏಳು ಗಂಟೆಗೆ ಬಾಗಿಲು ಪೂರ್ತಿ ತೆರೆಯುತ್ತದೆ. ಅಜ್ಜ ಮುಂದಿನ ಸಾಲಿನಿಂದ ಶುರುಮಾಡಿ ಒಂದೊಂದಕ್ಕೂ ಬೆರಳ ಗೆಣ್ಣಿನಿಂದ ಬಡಿಯುತ್ತಾರೆ. ಬಿರುಕಿದ್ದರೆ ಸದ್ದು ‘ದಬ್’ ಎಂದು ಸತ್ತಂತಿರುತ್ತದೆ, ಇಲ್ಲದಿದ್ದರೆ ‘ಟಣ್’. ಟಣ್. ಟಣ್. ಅಕ್ಕ ಬೆರಳು ಮಡಿಸುತ್ತಿದ್ದಾರೆ. ಕೊನೆಯದೂ ಟಣ್ ಎಂದಾಗ ಅವರು ಎದ್ದ ರಭಸಕ್ಕೆ ಬಕೆಟ್ಟು ಉರುಳಿ ಅಜ್ಜನ ಕಾಲಿಗೆ ಬಡಿಯುತ್ತದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನೋಡುತ್ತ ನಿಂತ ನನಗೂ ಕುಣಿಯುವಷ್ಟು ಖುಷಿ.

ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ.

“ಮುಂದಿನ ಸಾಲಿಂದ ಒಂದು ಬೇಸಿನ್, ಮನೇಲಿ ಹಾಕ್ಸೋಕೆ. ಮಾಲೀಕರನ್ನ ಕೇಳ್ಬೇಕು. ನೀನು ಅಲ್ಲಿ ಏನೇ ಮಾಡ್ತೀಯ ಅಂತ ಅಮ್ಮ ದಿನಾ ಕೇಳ್ತಾಳೆ. ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಅವಳು ಮುಖ ತೊಳೆಯೋಕೆ ಬಂದಾಗ ತೋರಿಸ್ತೀನಿ: ನೋಡಮ್ಮ, ಇದು ಒಡೀಲಿಲ್ಲ. ಅದೇ ನನ್ನ ಕೆಲಸ.”